ಬಾಯಿವಾಸನೆ: ಮದ್ದಿಗೆ ಮೊದಲು ಮೂಲ ಹಿಡಿಯುವ ಕ್ರಮ

ಬಾಯಿವಾಸನೆಗೆ ಮದ್ದು ಹುಡುಕುವವರು ಸಾಮಾನ್ಯವಾಗಿ ಹೊಟ್ಟೆಯಿಂದ ಶುರು ಮಾಡುತ್ತಾರೆ. ಗ್ಯಾಸಿನ ಮಾತ್ರೆ, ಜೀರಿಗೆ ಕಷಾಯ, ಮಲ ಸಡಿಲಿಸುವ ಚೂರ್ಣ, ಮಕ್ಕಳಾದರೆ ಹುಳದ ಮದ್ದು. ಇಷ್ಟೆಲ್ಲ ಆದ ಮೇಲೆ ಹಲ್ಲಿನ ಡಾಕ್ಟರರ ನೆನಪು. ಆಗಬೇಕಾದ್ದು ಇದಕ್ಕೆ ಪೂರ್ತಿ ಉಲ್ಟಾ. ಹತ್ತರಲ್ಲಿ ಎಂಟು ಒಂಬತ್ತು ಮಂದಿಗೆ ವಾಸನೆಯ ಮೂಲ ಬಾಯಿಯೊಳಗೇ ಇರುತ್ತದೆ: ನಾಲಿಗೆಯ ಹಿಂಭಾಗ, ವಸಡಿನ ಸಂದು, ಹುಳುಕು ಹಲ್ಲು. ಉಳಿದವರಲ್ಲಿ ಹೆಚ್ಚಿನವರಿಗೆ ಮೂಗು ಅಥವಾ ಗಂಟಲು. ಹೊಟ್ಟೆಯ ಸರದಿ ತೀರಾ ಕೊನೆಗೆ. ಅನ್ನನಾಳ ಸುಮ್ಮನಿರುವಾಗ ಮುಚ್ಚಿಕೊಂಡೇ ಇರುತ್ತದೆ; ತೇಗು ಬಂದಾಗ ತೆರೆಯುತ್ತದೆ, ತೇಗಿನ ವಾಸನೆ ಸ್ವಲ್ಪ ಹೊತ್ತಿನಲ್ಲೇ ಹೋಗುತ್ತದೆ. ಬೆಳಗ್ಗಿಂದ ಸಂಜೆವರೆಗೆ ಉಳಿಯುವ ನಾತಕ್ಕೆ ಅದು ಕಾರಣವಾಗುವುದು ಅಪರೂಪ.

ಬಾಯಿಯೊಳಗೆ ನಡೆಯುವುದು ಇಷ್ಟು. ಗಾಳಿ ತಾಗದ ಸಂದುಗಳಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಆಹಾರದ ಚೂರು, ಉದುರಿದ ಚರ್ಮಕೋಶ, ರಕ್ತ, ಲೋಳೆ ಇವುಗಳಲ್ಲಿನ ಪ್ರೋಟೀನನ್ನು ಒಡೆಯುತ್ತವೆ. ಆಗ ಗಂಧಕದ ಅನಿಲಗಳು ಹೊರಬರುತ್ತವೆ. ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ವಾಸನೆ, ಮೀಥೈಲ್ ಮರ್ಕ್ಯಾಪ್ಟನ್‌ಗೆ ಕೊಳೆತ ಎಲೆಕೋಸಿನ ವಾಸನೆ. ಜೊಲ್ಲು ಧಾರಾಳವಾಗಿದ್ದರೆ ಇವೆಲ್ಲ ತೊಳೆದು ಹೋಗುತ್ತವೆ. ಹಾಗಾಗಿ ದೋಷ ಹುಡುಕುವಾಗ ಕೇಳಿಕೊಳ್ಳಬೇಕಾದ್ದು ಎರಡೇ: ಪ್ರೋಟೀನು ಎಲ್ಲಿ ಸಿಕ್ಕಿಕೊಂಡು ಕೊಳೆಯುತ್ತಿದೆ, ಜೊಲ್ಲು ಯಾಕೆ ಕಡಿಮೆಯಾಗಿದೆ.

ಮೊದಲು: ವಾಸನೆ ನಿಜವಾಗಿ ಇದೆಯೇ

ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಊದಿ ಮೂಸುವ ಪರೀಕ್ಷೆ ಕೆಲಸಕ್ಕೆ ಬಾರದು. ಸದಾ ಇರುವ ವಾಸನೆಗೆ ನಮ್ಮ ಮೂಗು ಒಗ್ಗಿಹೋಗಿರುತ್ತದೆ. ಅದರ ಬದಲು ಈ ಮೂರು ಮಾಡಿ. ತಿಂದು, ಕುಡಿದು, ಹಲ್ಲುಜ್ಜಿ, ಎಲೆಅಡಿಕೆ ಹಾಕಿ ಕನಿಷ್ಠ ಎರಡು ಗಂಟೆ ಆಗಿರಬೇಕು. ಮೈಗೆ ಸೆಂಟು, ಪೌಡರು ಬೇಡ.

ಮಣಿಕಟ್ಟಿನ ಒಳಭಾಗವನ್ನು ನಾಲಿಗೆಯಿಂದ ಒಮ್ಮೆ ನೆಕ್ಕಿ, ಹತ್ತು ಸೆಕೆಂಡು ಒಣಗಲು ಬಿಟ್ಟು ಮೂಸಿ. ಇದು ನಾಲಿಗೆಯ ಮುಂಭಾಗದ ಲೆಕ್ಕ ಮಾತ್ರ ಕೊಡುತ್ತದೆ, ಅಲ್ಲಿ ವಾಸನೆ ಕಮ್ಮಿಯೇ. ಆಮೇಲೆ ಒಂದು ಸ್ಟೀಲ್ ಚಮಚವನ್ನು ಬೋರಲು ಹಿಡಿದು ನಾಲಿಗೆಯ ಆದಷ್ಟು ಹಿಂದಿನಿಂದ ಮೆಲ್ಲಗೆ ಕೆರೆದು ತನ್ನಿ. ಚಮಚದಲ್ಲಿ ಬಂದ ಪದಾರ್ಥದ ಬಣ್ಣ ನೋಡಿ, ಐದು ಸೆಕೆಂಡು ಬಿಟ್ಟು ಮೂಸಿ. ತೆಳ್ಳಗೆ, ಬಣ್ಣವಿಲ್ಲದೆ ಇದ್ದರೆ ಸರಿ. ಹಳದಿ, ದಪ್ಪ, ಕಟುವಾಸನೆ ಇದ್ದರೆ ಮೂಲ ಅರ್ಧ ಸಿಕ್ಕಿದಂತೆ. ಮೂರನೆಯದು ಫ್ಲಾಸ್ ದಾರ. ಮೇಲಿನ, ಕೆಳಗಿನ ದವಡೆ ಹಲ್ಲುಗಳ ಪ್ರತಿಯೊಂದು ಸಂದಿಗೂ ಹಾಕಿ ಎಳೆದು, ಒಂದೊಂದು ಸಂದಿನದ್ದನ್ನೂ ಬೇರೆಬೇರೆಯಾಗಿ ಮೂಸಿ. ಹತ್ತು ಸಂದು ಸರಿಯಿದ್ದು ಒಂದರಲ್ಲಿ ಮಾತ್ರ ತಡೆಯಲಾಗದ ನಾತ ಬಂದರೆ ಆ ಜಾಗವನ್ನು ಗುರುತು ಹಾಕಿಕೊಳ್ಳಿ. ಅಲ್ಲಿ ಹುಳುಕೋ, ಅಂಚು ಬಿಟ್ಟ ಕ್ಯಾಪೋ, ವಸಡಿನ ಗುಳಿಯೋ ಇದೆ. ಹಲ್ಲಿನ ಡಾಕ್ಟರರಿಗೆ "ಬಲಗಡೆ ಕೆಳಗೆ, ಹಿಂದಿನಿಂದ ಎರಡನೇ ಸಂದು" ಎಂದು ಹೇಳಲು ಸಾಧ್ಯವಾದರೆ ಅವರ ಕೆಲಸ ಅರ್ಧ ಆಯಿತು.

ಇದಕ್ಕಿಂತ ನಂಬಿಕಸ್ಥ ಸಾಧನ ಮನೆಯ ಇನ್ನೊಬ್ಬರ ಮೂಗು. ಗಂಡನೋ ಹೆಂಡತಿಯೋ ದೊಡ್ಡ ಮಗಳೋ, ಮುಲಾಜಿಲ್ಲದೆ ಹೇಳುವವರು ಬೇಕು. ಒಂದು ಗೇಣು ದೂರದಲ್ಲಿ ನಿಲ್ಲಿಸಿ ಸೊನ್ನೆಯಿಂದ ಐದರವರೆಗೆ ಅಂಕ ಕೊಡಲು ಹೇಳಿ. ಸೊನ್ನೆ ಎಂದರೆ ಏನೂ ಇಲ್ಲ, ಐದು ಎಂದರೆ ಮುಖ ತಿರುಗಿಸುವಷ್ಟು. ದಂತ ಆಸ್ಪತ್ರೆಗಳಲ್ಲೂ ಡಾಕ್ಟರರು ಮೂಗಿನಿಂದಲೇ ನೋಡಿ ಇದೇ ಥರದ ಅಂಕ ಹಾಕುತ್ತಾರೆ.

ಎರಡನೆಯದು: ಬಾಯಿಯೋ ಮೂಗೋ

ಇಡೀ ಕೈಪಿಡಿಯಲ್ಲಿ ಇದೊಂದನ್ನು ಬಿಡಬೇಡಿ. ಅದೇ ವ್ಯಕ್ತಿಯ ಮುಂದೆ ಮೂಗನ್ನು ಬೆರಳಿನಿಂದ ಒತ್ತಿ ಹಿಡಿದು, ಬಾಯಿಯಿಂದ ಮಾತ್ರ ಉಸಿರು ಬಿಡಿ. ಅಂಕ ಬರೆದುಕೊಳ್ಳಿ. ಎರಡು ನಿಮಿಷ ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ ಮೂಗಿನಿಂದ ಮಾತ್ರ ಬಿಡಿ. ಮತ್ತೆ ಒಂದೊಂದೇ ಹೊಳ್ಳೆ ಒತ್ತಿ ನೋಡಿ.

ಬಾಯಿಯ ಉಸಿರಿಗೆ ಮಾತ್ರ ವಾಸನೆ ಇದ್ದರೆ ಹಲ್ಲು, ವಸಡು, ನಾಲಿಗೆ, ಟಾನ್ಸಿಲ್. ಮೂಗಿನದ್ದಕ್ಕೆ ಮಾತ್ರ ಇದ್ದರೆ ಮೂಗು, ಸೈನಸ್. ಒಂದೇ ಹೊಳ್ಳೆಯಾದರೆ ಆ ಬದಿಯದ್ದೇ ತೊಂದರೆ. ಎರಡರಲ್ಲೂ ಒಂದೇ ಥರದ, ಒಂದೇ ಜೋರಿನ ವಾಸನೆ ಬಂದರೆ ಅದು ಶ್ವಾಸಕೋಶದ ದಾರಿಯಾಗಿ ಬರುತ್ತಿದೆ. ತಿಂದ ಬೆಳ್ಳುಳ್ಳಿಯಿಂದ ಹಿಡಿದು ಶುಗರ್, ಕಿಡ್ನಿಯವರೆಗೆ ಏನೂ ಆಗಿರಬಹುದು.

ಹೊತ್ತನ್ನೂ ಗಮನಿಸಿ. ಏಳುವಾಗ ಮಾತ್ರ ಇದ್ದು, ಹಲ್ಲುಜ್ಜಿ ತಿಂಡಿ ತಿಂದ ಮೇಲೆ ಹೋಗುವುದು ದೋಷವೇ ಅಲ್ಲ. ರಾತ್ರಿ ಜೊಲ್ಲು ಸುರಿಯುವುದು ಬಹುತೇಕ ನಿಂತಿರುತ್ತದೆ. ಗೊರಕೆ ಹೊಡೆಯುವವರಿಗೆ, ಬಾಯಿ ತೆರೆದು ಮಲಗುವವರಿಗೆ ಇದು ಹೆಚ್ಚು.

ನಾಲಿಗೆ

ಹಲ್ಲು, ವಸಡು ಎರಡೂ ಚೆನ್ನಾಗಿದ್ದೂ ವಾಸನೆ ಇರುವವರಲ್ಲಿ ಮೊದಲ ಅಪರಾಧಿ ನಾಲಿಗೆಯ ಹಿಂದಿನ ಮೂರನೇ ಒಂದು ಭಾಗ. ನಮ್ಮ ಕಡೆ ನಾಲಿಗೆ ಉಜ್ಜುವ ಅಭ್ಯಾಸ ಇದ್ದೇ ಇದೆ. ಕಾಸರಗೋಡು ತಾಲೂಕಿನ ಹಳ್ಳಿಮನೆಗಳಲ್ಲಿ ತೆಂಗಿನ ಗರಿಯ ಹಸಿ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಎರಡು ತುದಿ ಹಿಡಿದು ಬಾಗಿಸಿ ಉಜ್ಜುವವರು ಈಗಲೂ ಇದ್ದಾರೆ. ಸಾಧನ ಒಳ್ಳೆಯದೇ, ಬಿಸಾಡಿ ದಿನಕ್ಕೊಂದು ಹೊಸತು ಮಾಡಿಕೊಳ್ಳಬಹುದು. ಸೀಳಿದ ಅಂಚು ಚೂಪಾಗಿದ್ದರೆ ಮಾತ್ರ ಚಾಕುವಿನಿಂದ ಹೆರೆದು ನಯ ಮಾಡಬೇಕು. ತಪ್ಪುವುದು ಜಾಗದಲ್ಲಿ. ಹೆಚ್ಚಿನವರು ಕಣ್ಣಿಗೆ ಕಾಣುವ ಮುಂಭಾಗವನ್ನು ಹತ್ತು ಸಲ ಉಜ್ಜಿ, ವಾಸನೆ ಇರುವ ಹಿಂಭಾಗಕ್ಕೆ ಮುಟ್ಟುವುದೇ ಇಲ್ಲ.

ಸರಿಯಾದ ಕ್ರಮ: ನಾಲಿಗೆಯನ್ನು ಪೂರ್ತಿ ಹೊರಚಾಚಿ, ತುದಿಯನ್ನು ಒದ್ದೆ ಬಟ್ಟೆಯಿಂದ ಹಿಡಿದುಕೊಳ್ಳಿ. ಉಸಿರು ಮೆಲ್ಲಗೆ ಹೊರಬಿಡುತ್ತಾ ಇರಿ, ಆಗ ವಾಕರಿಕೆ ಕಮ್ಮಿ. ಸ್ಟೀಲ್ ಅಥವಾ ತಾಮ್ರದ ಪಟ್ಟಿಯನ್ನು ಹಿಂದೆ ಇಟ್ಟು, ಹಗುರವಾಗಿ ಒತ್ತಿ ಮುಂದಕ್ಕೆ ಎಳೆಯಿರಿ. ಪ್ರತಿ ಎಳೆತಕ್ಕೂ ಪಟ್ಟಿ ತೊಳೆಯಿರಿ. ನಡುವೆ ಎರಡು, ಎಡಕ್ಕೆ ಒಂದು, ಬಲಕ್ಕೆ ಒಂದು, ಇಷ್ಟು ಸಾಕು. ರಕ್ತ ಬಂದರೆ, ಉರಿದರೆ ಒತ್ತಡ ಹೆಚ್ಚಾಯಿತು. ಬ್ರಶ್ಶಿನಿಂದ ಉಜ್ಜುವುದಕ್ಕಿಂತ ಪಟ್ಟಿ ಹೆಚ್ಚು ಎತ್ತಿ ತರುತ್ತದೆ. ವಾಕರಿಕೆ ತೀರಾ ಇರುವವರು ಖಾಲಿ ಹೊಟ್ಟೆಯಲ್ಲಿ ಮಾಡಿ, ದಿನಕ್ಕೆ ಸ್ವಲ್ಪ ಸ್ವಲ್ಪ ಹಿಂದಕ್ಕೆ ಹೋಗಿ.

ವಸಡು ಮತ್ತು ಹಲ್ಲಿನ ಸಂದು

ಹಲ್ಲುಜ್ಜುವಾಗ ಉಗುಳು ಕೆಂಪಾಗುತ್ತದೆಯೇ? ಅದು ವಸಡಿನ ಉರಿಯೂತದ ಮೊದಲ ಗುರುತು. ಇಲ್ಲಿ ಎಲ್ಲರೂ ಮಾಡುವುದು ಒಂದೇ: ರಕ್ತ ಬರುವ ಜಾಗ ಬಿಟ್ಟು ಉಜ್ಜುವುದು. ಆಗ ಅಲ್ಲೇ ಮಡ್ಡಿ ಕೂರುತ್ತದೆ, ಗಟ್ಟಿಯಾಗಿ ಕಿಟ್ಟವಾಗುತ್ತದೆ, ವಸಡು ಹಲ್ಲಿನಿಂದ ಬಿಟ್ಟುಕೊಂಡು ಗುಳಿಯಾಗುತ್ತದೆ. ಆರೋಗ್ಯವಾದ ವಸಡಿನ ಸಂದು ಒಂದರಿಂದ ಮೂರು ಮಿಲಿಮೀಟರ್ ಆಳ. ನಾಲ್ಕು ದಾಟಿದರೆ ಬ್ರಶ್ಶಿನ ಎಳೆ ತಳ ಮುಟ್ಟುವುದಿಲ್ಲ, ಎಷ್ಟು ಉಜ್ಜಿದರೂ ವಾಸನೆ ನಿಲ್ಲುವುದಿಲ್ಲ. ಕಿಟ್ಟ ತೆಗೆಸಲೇ ಬೇಕು. "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ" ಎಂಬ ಮಾತು ಊರಲ್ಲೆಲ್ಲ ಇದೆ. ಹಲ್ಲು ಮೊದಲೇ ಸಡಿಲವಾಗಿತ್ತು. ಸುತ್ತ ಗಾರೆಯಂತೆ ಕೂತಿದ್ದ ಕಿಟ್ಟ ಅದನ್ನು ಅಲುಗಾಡದಂತೆ ಹಿಡಿದಿತ್ತು, ಅಷ್ಟೇ. ಶುಗರ್ ಇರುವವರಲ್ಲಿ ವಸಡು ಬೇಗ ಕೆಡುತ್ತದೆ, ವಸಡಿನ ಸೋಂಕು ಶುಗರನ್ನೂ ಏರಿಸುತ್ತದೆ. ಆದ್ದರಿಂದ ರಕ್ತ ಸುರಿಯುವ ವಸಡಿರುವ ನಲವತ್ತು ದಾಟಿದವರು ಒಮ್ಮೆ ಶುಗರ್ ಪರೀಕ್ಷೆಯನ್ನೂ ಮಾಡಿಸಿ.

ಬ್ರಶ್ಶನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ಸಣ್ಣಗೆ ಅಲುಗಾಡಿಸುತ್ತಾ ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಎಳೆ ಮೆತ್ತಗಿರಲಿ, ಮೂರು ತಿಂಗಳಿಗೆ ಬದಲಿಸಿ. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು, ಫ್ಲೋರೈಡ್ 1000 ಪಿಪಿಎಂಗೆ ಕಮ್ಮಿ ಬೇಡ. ಉಮಿಕರಿ ಮತ್ತು ಉಪ್ಪು ಹಲ್ಲನ್ನು ಬೆಳ್ಳಗೆ ಮಾಡುತ್ತವೆ ನಿಜ, ಆದರೆ ಒರಟು ಕರಿ ವಸಡಿನ ಅಂಚಿನಲ್ಲಿ ಹಲ್ಲನ್ನೇ ತೇಯುತ್ತದೆ. ಸಂದಿನೊಳಗಿನ ವಾಸನೆಗೆ ಅದು ತಲುಪುವುದೂ ಇಲ್ಲ.

ಸಂದಿಗೆ ದಿನಕ್ಕೊಮ್ಮೆ, ರಾತ್ರಿ, ಫ್ಲಾಸ್. ಸುಮಾರು 45 ಸೆಂಟಿಮೀಟರ್ ದಾರ ತುಂಡು ಮಾಡಿ ಎರಡೂ ನಡುಬೆರಳಿಗೆ ಸುತ್ತಿ, ಹಲ್ಲಿನ ಬದಿಗೆ ಒರಗಿಸಿ ಮೇಲೆ ಕೆಳಗೆ ಎಳೆಯಿರಿ. ಕತ್ತರಿಸುವಂತೆ ವಸಡಿಗೆ ಇಳಿಸಬೇಡಿ. ಮೊದಲ ವಾರ ರಕ್ತ ಬರಬಹುದು, ಮುಂದುವರಿಸಿ. ಎರಡು ವಾರ ಕಳೆದೂ ನಿಲ್ಲದಿದ್ದರೆ ಡಾಕ್ಟರರಿಗೆ ತೋರಿಸಿ. ಸಂದು ಅಗಲವಾಗಿರುವವರಿಗೆ ದಾರಕ್ಕಿಂತ ಸಂದಿಗೆ ಹಾಕುವ ಪುಟ್ಟ ಬ್ರಶ್ಶೇ ಒಳ್ಳೆಯದು. ಒಂದೇ ಸಂದಿನಲ್ಲಿ ಪ್ರತಿಸಲ ಬಂಗುಡೆಯ ನಾರು, ಮಾವಿನಹಣ್ಣಿನ ನಾರು ಸಿಕ್ಕಿಕೊಳ್ಳುತ್ತದೆಂದರೆ ಆ ಎರಡು ಹಲ್ಲುಗಳ ನಡುವೆ ಇರಬೇಕಾದ ಬಿಗಿ ಹೋಗಿದೆ. ಕಡ್ಡಿ, ಸೇಫ್ಟಿ ಪಿನ್ನಿನಿಂದ ಕುತ್ತಿ ತೆಗೆದರೆ ವಸಡು ಇನ್ನಷ್ಟು ಕೆಳಗೆ ಹೋಗಿ ಸಂದು ದೊಡ್ಡದಾಗುತ್ತದೆ. ಅದಕ್ಕೆ ಪರಿಹಾರ ಫಿಲ್ಲಿಂಗ್ ಅಥವಾ ಕ್ಯಾಪ್.

ಬ್ರಿಜ್ (ಅಕ್ಕಪಕ್ಕದ ಹಲ್ಲುಗಳಿಗೆ ಆನಿಸಿ ಕೂರಿಸುವ ಕಟ್ಟುಹಲ್ಲು) ಹಾಕಿಸಿದವರು ನಡುವಿನ ಹಲ್ಲಿನ ಅಡಿಯನ್ನು ಮರೆಯುತ್ತಾರೆ. ಅಲ್ಲಿಗೆ ತುದಿ ಗಟ್ಟಿ ಇರುವ ಫ್ಲಾಸ್ ತೂರಿಸಿ ಎಳೆಯಬೇಕು. ತೆಗೆದಿಡುವ ಹಲ್ಲಿನ ಸೆಟ್ ಇರುವ ಹಿರಿಯರು ರಾತ್ರಿ ಅದನ್ನು ತೆಗೆದು, ಮೆತ್ತಗಿನ ಬ್ರಶ್ಶು ಮತ್ತು ಸಾಬೂನಿನಿಂದ ಉಜ್ಜಿ, ತಣ್ಣೀರಿನಲ್ಲಿ ಮುಳುಗಿಸಿಡಬೇಕು. ಕುದಿನೀರು ಹಾಕಿದರೆ ಸೆಟ್ ಸೊಟ್ಟಗಾಗಿ ಮತ್ತೆ ಕೂರುವುದಿಲ್ಲ. ಸೆಟ್ ಹಾಕಿಕೊಂಡೇ ಮಲಗುವವರ ಅಂಗುಳ ಕೆಂಪಾಗಿ ಫಂಗಸ್ ಬರುತ್ತದೆ, ಅದಕ್ಕೆ ಒಂದು ಥರದ ಹಳಸಲು ವಾಸನೆ.

ಇಪ್ಪತ್ತರ ಆಸುಪಾಸಿನವರಲ್ಲಿ ಇದ್ದಕ್ಕಿದ್ದಂತೆ ವಾಸನೆ, ಬಾಯಿ ತೆರೆಯಲು ನೋವು, ಕಿವಿಯ ಬುಡ ಸೆಳೆತ ಇದ್ದರೆ ಅರ್ಧ ಹುಟ್ಟಿದ ಬುದ್ಧಿಹಲ್ಲು ನೋಡಿ. ಅದರ ಮೇಲೆ ಮಡಚಿದ ವಸಡಿನ ಅಡಿಯಲ್ಲಿ ಆಹಾರ ಕೊಳೆತು ಕೀವಾಗಿರುತ್ತದೆ. ಹಲ್ಲು ಕೀಳಿಸಿ ಮೂರು ನಾಲ್ಕು ದಿನಕ್ಕೆ ನೋವು ಜೋರಾಗಿ ನಾತ ಬಂದರೆ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಜಾರಿಹೋಗಿದೆ. ಉಪ್ಪುನೀರಿನಲ್ಲೇ ದಿನ ದೂಡದೆ ಕಿತ್ತವರ ಬಳಿಗೇ ಹೋಗಿ.

ಎಲೆಅಡಿಕೆ, ಬೀಡಿ

ಅಡಿಕೆಯ ಊರಿನಲ್ಲಿ ಕೂತು ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಊಟದ ಮೇಲೆ ಎಲೆ ಹಾಕಿದರೆ ಬಾಯಿ ಘಮ್ಮೆನ್ನುತ್ತದೆ, ಅರ್ಧ ಗಂಟೆ. ಸುಣ್ಣದಿಂದ ಕಿಟ್ಟ ಹೆಚ್ಚುತ್ತದೆ, ಅಡಿಕೆಯ ಚೂರು ಸಂದಿನಲ್ಲಿ ಕೂರುತ್ತದೆ, ಹೊಗೆಸೊಪ್ಪು ವಸಡಿನ ರಕ್ತ ಸಂಚಾರವನ್ನು ಕುಗ್ಗಿಸುತ್ತದೆ. ಹೊಗೆಸೊಪ್ಪು, ಬೀಡಿ ಬಳಸುವವರಲ್ಲಿ ವಸಡಿನಿಂದ ರಕ್ತ ಬರುವುದು ಕಡಿಮೆ, ಹಾಗಾಗಿ ರೋಗ ಒಳಗೊಳಗೇ ಮುಂದುವರಿದಿರುತ್ತದೆ. ರಕ್ತ ಇಲ್ಲ, ವಸಡು ಸರಿ ಇದೆ ಎಂಬ ತೀರ್ಮಾನ ಇವರಿಗೆ ಹೊಂದುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೇ ಸೇರಿಸಿದೆ. ಆದ್ದರಿಂದ ವಾಸನೆಯ ಪರೀಕ್ಷೆ ಮಾಡುವಾಗಲೇ ಇನ್ನೊಂದು ಮಾಡಿ: ತೋರು, ನಡು, ಉಂಗುರ ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ, ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ನಿಲ್ಲಿಸಿ. ಮೂರೂ ಹೋಗದಿದ್ದರೆ, ಕೆನ್ನೆಯ ಒಳಗೆ ನಾರಿನಂತೆ ಬಿಗಿ ಹತ್ತಿದರೆ, ಖಾರ ತಾಗಿದರೆ ಉರಿದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರ ಕಳೆದೂ ಮಾಯದಿದ್ದರೆ ವಾಸನೆಯ ವಿಷಯ ಬದಿಗಿಡಿ, ಆ ವಾರವೇ ದಂತ ಆಸ್ಪತ್ರೆಗೆ ಹೋಗಿ. ಕುಂಬಳೆ, ಮಂಜೇಶ್ವರ ಕಡೆಯವರಿಗೆ ತಲಪಾಡಿ ದಾಟಿದರೆ ದೇರಳಕಟ್ಟೆಯ ದಂತ ಕಾಲೇಜುಗಳು, ತೆಂಕು ಬದಿಯವರಿಗೆ ಪೊಯಿನಾಚಿಯದ್ದು.

ಬಾಯಿ ಒಣಗುವುದು

ಹಿಡಿ ಒಣ ಅವಲಕ್ಕಿಯನ್ನೋ ರಸ್ಕನ್ನೋ ನೀರಿಲ್ಲದೆ ನುಂಗಲು ಆಗುತ್ತದೆಯೇ ನೋಡಿ. ಆಗದಿದ್ದರೆ ಜೊಲ್ಲು ಕಡಿಮೆ. ಕಾರಣ ಹೆಚ್ಚಾಗಿ ಔಷಧದ ಪೆಟ್ಟಿಗೆಯಲ್ಲಿರುತ್ತದೆ: ನೆಗಡಿ, ತುರಿಕೆಯ ಅಲರ್ಜಿ ಮಾತ್ರೆ, ಮೂತ್ರ ಹೋಗಿಸುವ ಬಿಪಿ ಮಾತ್ರೆ, ಖಿನ್ನತೆ ಮತ್ತು ನಿದ್ರೆಗೆ ಕೊಡುವ ಅಮಿಟ್ರಿಪ್ಟಿಲಿನ್‌ನಂಥವು. ತಾವಾಗಿ ನಿಲ್ಲಿಸಬೇಡಿ. ಮಾತ್ರೆಯ ಪಟ್ಟಿ ತೆಗೆದುಕೊಂಡು ಹೋಗಿ, ಬದಲಿ ಇದೆಯೇ ಎಂದು ಬರೆದುಕೊಟ್ಟವರನ್ನೇ ಕೇಳಿ. ಬಿಸಿಲಿನಲ್ಲಿ ತೋಟದ ಕೆಲಸ ಮಾಡಿ ಬೆವರಿ, ನಡುನಡುವೆ ಬರೀ ಚಾ ಕುಡಿಯುವವರಿಗೂ ಇದೇ ತೊಂದರೆ. ಗಂಟೆಗೊಮ್ಮೆ ನಾಲ್ಕು ಗುಟುಕು ನೀರು, ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಹತ್ತು ನಿಮಿಷ, ಎರಡೂ ಸಹಾಯ ಮಾಡುತ್ತವೆ. ಪೆಪ್ಪರಮೆಂಟು ಬೇಡ, ಸಕ್ಕರೆ ಹುಳುಕಿಗೆ ದಾರಿ.

ಏಕಾದಶಿಯ ಉಪವಾಸಕ್ಕೂ ರಂಜಾನಿನ ಉಪವಾಸಕ್ಕೂ ವಾಸನೆಯ ಕಾರಣ ಒಂದೇ: ಒಣ ಬಾಯಿ, ಜತೆಗೆ ಕೊಬ್ಬು ಕರಗಿ ಬರುವ ಕೀಟೋನ್. ರಂಜಾನಿನಲ್ಲಿ ಸಹರಿಯ (ನಸುಕಿನ ಊಟದ) ನಂತರ ಹಲ್ಲು, ಸಂದು, ನಾಲಿಗೆ ಮೂರನ್ನೂ ಚೊಕ್ಕ ಮಾಡಿಕೊಂಡರೆ ಸಾಕಷ್ಟು ತಗ್ಗುತ್ತದೆ. ಕೀಟೋನಿನ ಪಾಲು ಉಣ್ಣುವವರೆಗೆ ಹೋಗದು.

ಗಂಟಲು, ಮೂಗು

ಕೆಮ್ಮಿದಾಗ ಅಕ್ಕಿನುಚ್ಚಿನಷ್ಟು ಬಿಳಿ ಹಳದಿ ಉಂಡೆ ಹೊರಬಂದು, ಹಿಸುಕಿದರೆ ಭಯಂಕರ ನಾತ ಹೊಡೆದರೆ ಅದು ಟಾನ್ಸಿಲ್‌ನ ಗುಳಿಯಲ್ಲಿ ಕಟ್ಟಿದ ಕಲ್ಲು. ಅಪಾಯವಲ್ಲ. ಒಂದು ಲೋಟ ಬೆಚ್ಚನೆ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಊಟದ ಮೇಲೆ ಗಂಟಲಿಗಿಳಿಯುವಂತೆ ಮುಕ್ಕಳಿಸಿ. ಪಿನ್ನು, ಕಡ್ಡಿ ಹಾಕಬೇಡಿ, ಟಾನ್ಸಿಲ್‌ನಿಂದ ರಕ್ತ ಬಂದರೆ ನಿಲ್ಲಿಸುವುದು ಸುಲಭವಲ್ಲ.

ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ, ಅದೇ ಬದಿಯ ಕೆನ್ನೆ ಭಾರ: ದೊಡ್ಡವರಲ್ಲಾದರೆ ಮೇಲಿನ ದವಡೆ ಹಲ್ಲಿನ ಬೇರಿನ ಕೀವು ಸೈನಸ್ಸಿಗೆ ಏರಿರಬಹುದು. ಮೂಗಿನ ಮದ್ದು ಎಷ್ಟು ಹಾಕಿದರೂ ಹಲ್ಲು ಸರಿಯಾಗದೆ ಇದು ಹೋಗದು. ಮಗುವಿನಲ್ಲಾದರೆ ಹೊಳ್ಳೆಯೊಳಗೆ ಏನೋ ತುರುಕಿಕೊಂಡಿದೆ ಎಂದೇ ತಿಳಿಯಿರಿ: ಹುಣಿಸೆ ಬೀಜ, ಮಣಿ, ಸ್ಪಂಜಿನ ಚೂರು. ನೀವೇ ತೆಗೆಯಲು ಹೋದರೆ ಒಳಕ್ಕೆ ಜಾರುತ್ತದೆ. ಆಟಿಕೆಯ ಬಟನ್ ಬ್ಯಾಟರಿ ಹೋಗಿರುವ ಸಂಶಯವಿದ್ದರೆ ಒಂದು ಗಂಟೆಯೂ ತಡ ಮಾಡಬೇಡಿ, ಅದು ಮೂಗಿನ ನಡುಗೋಡೆಯನ್ನೇ ಸುಡುತ್ತದೆ.

ಎರಡೂ ದಾರಿಯಲ್ಲಿ ಒಂದೇ ವಾಸನೆ

ಬೆಳ್ಳುಳ್ಳಿಯದ್ದಾದರೆ ಕಾಯುವುದೇ ಮದ್ದು. ಅದರ ಒಂದು ಗಂಧಕದ ಅಂಶ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಬರುತ್ತದೆ, ಹಲ್ಲುಜ್ಜಿದರೆ ಹೋಗುವುದಿಲ್ಲ. ಅದೇ ಊಟದಲ್ಲಿ ಹಾಲು ಅಥವಾ ಮೊಸರು ಇದ್ದರೆ ಸ್ವಲ್ಪ ತಗ್ಗುತ್ತದೆ.

ಕೊಳೆಯುತ್ತಿರುವ ಹಣ್ಣಿನ ಅಥವಾ ನೈಲ್ ಪಾಲಿಶ್ ಒರೆಸುವ ದ್ರವದ ವಾಸನೆ, ಜತೆಗೆ ವಾಂತಿ, ಹೊಟ್ಟೆನೋವು, ವಿಪರೀತ ಬಾಯಾರಿಕೆ, ಆಳವಾದ ಏದುಸಿರು ಇದ್ದರೆ ಅದು ಮಧುಮೇಹದ ತುರ್ತು ಸ್ಥಿತಿ. ಮಕ್ಕಳಲ್ಲಿ ಶುಗರ್ ಇರುವುದೇ ಗೊತ್ತಾಗದೆ ಹೀಗೆ ಮೊದಲು ತೋರುವುದುಂಟು. ಆಸ್ಪತ್ರೆಗೆ ಕೂಡಲೇ ಹೊರಡಿ. ಮೂತ್ರದಂತೆ ಘಾಟು ಬಂದರೆ ಕಿಡ್ನಿ, ಮಣ್ಣುಮಿಶ್ರಿತ ಸಿಹಿ ಹಳಸಲು ವಾಸನೆಗೆ ಲಿವರ್. ಆ ಹಂತದಲ್ಲಿ ಕಾಲು ಬಾವು, ಸುಸ್ತು, ಹಳದಿ ಕಣ್ಣಿನಂಥ ಬೇರೆ ಗುರುತುಗಳೂ ಇರುತ್ತವೆ, ವಾಸನೆಯೊಂದೇ ಇರುವುದಿಲ್ಲ. ಕಫವೇ ನಾರುತ್ತಿದ್ದು ಜ್ವರ ಇದ್ದರೆ ಎದೆಯ ಎಕ್ಸ್‌ರೇ ಆಗಬೇಕು. ಮೀನು ತಿನ್ನದ ದಿನವೂ ಉಸಿರು, ಬೆವರು, ಮೂತ್ರ ಮೂರಕ್ಕೂ ಮೀನಿನ ವಾಸನೆ ಇರುವ ಒಂದು ಅಪರೂಪದ ಹುಟ್ಟು ದೋಷವಿದೆ. ಮೀನು ತಿನ್ನುವ ಮನೆಗಳಲ್ಲಿ ಅದು ಗುರುತಿಗೆ ಸಿಗುವುದು ಕಷ್ಟ.

ವಯಸ್ಸಾದವರಿಗೆ ಬಗ್ಗಿದಾಗ ನಿನ್ನೆ ತಿಂದ ಅನ್ನ ಹಾಗೇ ಬಾಯಿಗೆ ಬಂದರೆ ಗಂಟಲ ಕೆಳಗೆ ಅನ್ನನಾಳದಲ್ಲಿ ಚೀಲ ಮೂಡಿದೆಯೇ ನೋಡಿಸಬೇಕು.

ಮೌತ್‌ವಾಶ್ ಮತ್ತು ಮಾತ್ರೆಯ ಮೋಸ

0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್ ದ್ರವ 10 ಮಿಲಿ, ಒಂದು ನಿಮಿಷ, ದಿನಕ್ಕೆ ಎರಡು ಸಲ, ಎರಡು ವಾರಕ್ಕೆ ಮೀರದಂತೆ. ಪೇಸ್ಟಿನ ನೊರೆ ಇದರ ಶಕ್ತಿ ಕುಂದಿಸುತ್ತದೆ, ಆದ್ದರಿಂದ ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಬಳಸಿ. ಚಾ, ಎಲೆಅಡಿಕೆ ಜತೆ ಸೇರಿದರೆ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ. ರುಚಿಯೂ ಕೆಲವು ದಿನ ಕೆಡುತ್ತದೆ. ದಿನವೂ ಬಳಸಲು ಸತುವಿನ ಅಂಶವಿರುವ, ಆಲ್ಕೊಹಾಲ್ ಇಲ್ಲದ್ದು ಮೇಲು.

ಮೆಡಿಕಲ್ ಶಾಪಿನಲ್ಲಿ ಮೆಟ್ರೊನಿಡಜೋಲ್ ಕೇಳಿ ತಿನ್ನುವವರಿಗೆ ಮೂರೇ ದಿನದಲ್ಲಿ ವಾಸನೆ ಮಾಯವಾಗುತ್ತದೆ. ಅದು ಗಾಳಿ ಬೇಡದ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಮದ್ದು, ಹಾಗಾಗಿ ಕೆಲಸ ಮಾಡಿದಂತೆ ಕಾಣುತ್ತದೆ. ಕಿಟ್ಟವೂ ಗುಳಿಯೂ ಅಲ್ಲೇ ಇರುವುದರಿಂದ ಕೆಲವು ವಾರದಲ್ಲಿ ನಾತ ಮರಳಿ ಬರುತ್ತದೆ, ಮತ್ತೆ ಮಾತ್ರೆ. ಡಾಕ್ಟರರು ಬರೆದುಕೊಡದೆ ಇದನ್ನು ಮುಟ್ಟಬೇಡಿ.

ಒಂದು ವಾರ ನೋಡಿ, ಆಮೇಲೆ ಯಾರ ಬಳಿ

ಅಪಾಯದ ಗುರುತುಗಳಿಲ್ಲದಿದ್ದರೆ ಏಳು ದಿನ ನಾಲಿಗೆಯ ಹಿಂಭಾಗ, ರಾತ್ರಿಯ ಫ್ಲಾಸ್, ನೀರು ಈ ಮೂರನ್ನು ಮಾತ್ರ ಸರಿಯಾಗಿ ಮಾಡಿ. ಬೇರೆ ಮದ್ದು ಸೇರಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಏಳನೇ ದಿನ ಅದೇ ಹೊತ್ತಿಗೆ, ಅದೇ ವ್ಯಕ್ತಿಯಿಂದ ಅಂಕ ಹಾಕಿಸಿ. ನಾಲ್ಕು ಇದ್ದದ್ದು ಒಂದೋ ಎರಡೋ ಆಗಿದ್ದರೆ ಹಾಗೇ ಮುಂದುವರಿಸಿ. ಅಲ್ಲಾಡದಿದ್ದರೆ ಮೊದಲು ಹಲ್ಲಿನ ಡಾಕ್ಟರು. ಅವರು ವಸಡಿನ ಗುಳಿ ಅಳೆದು, ಎಕ್ಸ್‌ರೇ ನೋಡಿ ಏನೂ ಇಲ್ಲವೆಂದ ಮೇಲೆ ಕಿವಿ ಮೂಗು ಗಂಟಲಿನವರು. ಅವರಲ್ಲೂ ಸಿಗದಿದ್ದರೆ ಫಿಸಿಶಿಯನ್. ತಪಾಸಣೆಯ ದಿನ ಮೌತ್‌ವಾಶ್, ಎಲೆಅಡಿಕೆ, ಗಮ್ ಬಿಟ್ಟು ಹೋಗಿ, ಇಲ್ಲದಿದ್ದರೆ ಅವರ ಮೂಗಿಗೆ ಏನೂ ಸಿಗದು.

ಕೆಲವರಿಗೆ ಮೂವರು ಬೇರೆಬೇರೆ ದಿನ ಮೂಸಿ ಸೊನ್ನೆ ಕೊಟ್ಟರೂ ಸಮಾಧಾನವಿಲ್ಲ. ಎದುರಿನವರು ಮೂಗು ಮುಟ್ಟಿಕೊಂಡದ್ದು, ಬಸ್ಸಿನಲ್ಲಿ ಪಕ್ಕದವರು ಕಿಟಕಿ ತೆರೆದದ್ದು ಎಲ್ಲವೂ ತಮ್ಮ ಬಾಯಿಯಿಂದಲೇ ಎಂದು ಅನಿಸುತ್ತದೆ, ದಿನಕ್ಕೆ ಹತ್ತು ಸಲ ಹಲ್ಲುಜ್ಜಿ ವಸಡು ಸವೆಯುತ್ತದೆ. ಇವರಿಗೆ ಇನ್ನೊಂದು ಪೇಸ್ಟು ಕೊಡಿಸುವುದರಿಂದ ಪ್ರಯೋಜನವಿಲ್ಲ. ವಾಸನೆ ಇದೆಯೆಂಬ ಭಯವೇ ಇಲ್ಲಿ ಕಾಯಿಲೆ, ಮಾನಸಿಕ ವೈದ್ಯರು ಅದಕ್ಕೆ ಚಿಕಿತ್ಸೆ ಕೊಡುತ್ತಾರೆ. ಮನೆಯವರು ತಮಾಷೆ ಮಾಡದೆ, ಅಂಕದ ಚೀಟಿಗಳನ್ನೇ ಮುಂದಿಟ್ಟು ಮಾತಾಡಿ ಕರೆದುಕೊಂಡು ಹೋಗಬೇಕು.